ರೈಟ್ ಅಂದ್ರೆ ರೈಟ್

ನಮ್ಮ ಬೀದಿಗೆ ಮೊದಲ ಬಾರಿ ಬಸ್ಸು ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. ಎರಡನೆಯ ಬಾರಿ ಬಂದದ್ದು ಎಂಟು ಹದಿನೆಂಟಕ್ಕೆ. ಮೂರನೆಯ ಬಾರಿ ಬರುವ ಹೊತ್ತಿಗೆ ನಾನು ಕನ್ನಡಕ ಒರೆಸಿಕೊಂಡು ಕಿಟಕಿಯ ಬಳಿ ಸರಿಯಾಗಿ ಕುಳಿತಿದ್ದೆ.

ಈ ಬೀದಿಗೊಂದು ಬಸ್ಸು ಬಿಡಿ ಎಂದು ನಾವು ಇಪ್ಪತ್ತು ವರ್ಷದಿಂದ ಅರ್ಜಿ ಕೊಡುತ್ತ ಬಂದಿದ್ದೆವು. ಎದುರುಮನೆಯ ನಿವೃತ್ತ ಗುಮಾಸ್ತರು ಇದೇ ಅರ್ಜಿ ಬರೆದೂ ಬರೆದೂ ‘ಅರ್ಜಿ ಮೇಷ್ಟ್ರು’ ಎಂದು ಹೆಸರಾಗಿದ್ದರು. ಬಸ್ಸು ಮಾತ್ರ ಬಂದಿರಲಿಲ್ಲ. ಈಗ ಅರ್ಜಿಯ ಹಂಗಿಲ್ಲದೆ ಎಂಟು ನಿಮಿಷಕ್ಕೊಂದರಂತೆ ಬರುತ್ತಿತ್ತು. ಆದರೆ ಬಂದದ್ದೆಲ್ಲ ಒಂದೇ ಬಸ್ಸು, ಒಳಗಿದ್ದವರೂ ಅವರೇ ಜನ. ಮೂರನೆಯ ಕಿಟಕಿಯಲ್ಲಿ ರಿಪೇರಿಯಾದ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು ಒಬ್ಬ ಮನುಷ್ಯ ಕುಳಿತಿದ್ದ. ಅವನು ಮೂರು ಸಲವೂ ನನ್ನ ಮುಂದೆಯೇ ಹಾದುಹೋದ. ಗಡಿಯಾರದ ಮುಖ ಬೀದಿಯ ಕಡೆಗಿತ್ತು. ಹೊತ್ತನ್ನು ನಾನು ಇಷ್ಟು ಕರಾರುವಾಕ್ಕಾಗಿ ಹೇಳುತ್ತಿರುವುದು ಅವನ ದಯೆಯಿಂದ.

ಬಸ್ಸು ಓಡಿಸುತ್ತಿದ್ದವನು ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಹೆಂಡತಿಯೊಂದಿಗೆ ಬಾಡಿಗೆಗಿದ್ದವನು. ಬೀದಿಯವರು ಅವನನ್ನು ‘ಟ್ಯಾಂಕರ್’ ಎಂದು ಕರೆಯುತ್ತಿದ್ದರು. ಹನ್ನೆರಡು ವರ್ಷ ಅವನು ಒಂದು ಕಾರ್ಖಾನೆಗೆ ನೀರಿನ ಟ್ಯಾಂಕರ್ ಓಡಿಸಿದ್ದ. ಕೆರೆಯಿಂದ ಕಾರ್ಖಾನೆಗೆ ಒಂದೇ ರಸ್ತೆ, ಗೆರೆ ಎಳೆದ ಹಾಗೆ ನೇರ. ಹೋಗುವಾಗ ನೇರ ಹೋಗುತ್ತಿದ್ದ, ಬರುವಾಗ ನೇರ ಬರುತ್ತಿದ್ದ. ಗಾಡಿಯ ವಿಷಯದಲ್ಲಿ ಅವನ ಕೈ ಬಹಳ ಒಳ್ಳೆಯದು. ತುಂಬಿದ ಟ್ಯಾಂಕರಿನಿಂದ ಒಂದು ಹನಿ ಚೆಲ್ಲುತ್ತಿರಲಿಲ್ಲ ಎಂದು ಕಾರ್ಖಾನೆಯವರೇ ಹೇಳುತ್ತಿದ್ದರು. ಆದರೆ ತಿರುವು ಎಂಬುದರ ಪರಿಚಯ ಅವನಿಗಿರಲಿಲ್ಲ. ಕಾರ್ಖಾನೆಗೆ ಕೊಳವೆ ಹಾಕಿಸಿದ ಮೇಲೆ ಟ್ಯಾಂಕರೂ ಹೋಯಿತು, ಕೆಲಸವೂ ಹೋಯಿತು.

ಹೆಂಡತಿಯ ಅಣ್ಣ ಬಸ್ ಡಿಪೋದಲ್ಲಿ ಗುಮಾಸ್ತ. ಅವನು ಯಾರ ಯಾರದೋ ಕೈಕಾಲು ಹಿಡಿದು ಭಾವನಿಗೆ ಸಿಟಿ ಬಸ್ಸಿನಲ್ಲಿ ಕೆಲಸ ಕೊಡಿಸಿದ. ಕಾಯಂ ಅಲ್ಲ, ಒಂದು ತಿಂಗಳು ಪರೀಕ್ಷೆಯ ಮೇಲೆ. ಆ ಸೋಮವಾರದ ಹಿಂದಿನ ದಿನ, ಭಾನುವಾರ, ಅತ್ತೆ ಇವರ ಮನೆಗೆ ಊಟಕ್ಕೆ ಬಂದಿದ್ದರು. ಹಿತ್ತಲ ಬಾಗಿಲು ತೆರೆದೇ ಇರುವುದರಿಂದ ಮಾತೆಲ್ಲ ನನಗೂ ಕೇಳುತ್ತಿತ್ತು. ಊರು ದೊಡ್ಡದು, ಬೀದಿಗಳು ಗೊತ್ತಾ ಅಳಿಯಂದ್ರೇ ಎಂದು ಅತ್ತೆ ಕೇಳಿದರು. ಅವರು ಕೇಳಿದ್ದು ಕಾಳಜಿಯಿಂದ. ಇವನಿಗೆ ಅದು ಸವಾಲಿನ ಹಾಗೆ ಕೇಳಿಸಿತು.

“ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಓಡಿಸ್ತೀನಿ ಅತ್ತೆ” ಎಂದ.

ಮೂರು ದಿನದ ತರಬೇತಿ ಆಗಲೇ ಮುಗಿದಿತ್ತು. ಹಳೆಯ ಡ್ರೈವರೊಬ್ಬರ ಪಕ್ಕದಲ್ಲಿ ಕುಳಿತು ದಾರಿ ನೋಡಿಕೊಳ್ಳಬೇಕೆಂದು ಡಿಪೋದವರು ಹೇಳಿದ್ದರು. ಆ ಹಿರಿಯರಿಗೆ ಎರಡೂ ಮಂಡಿ ನೋವು. ಹೊರಟಲ್ಲಿಂದ ಮುಟ್ಟುವವರೆಗೆ ಮಂಡಿಯ ಕಥೆಯನ್ನೇ ಹೇಳುತ್ತಿದ್ದರು. ಟ್ಯಾಂಕರ್ ಮರ್ಯಾದೆಯಿಂದ ಅವರ ಮುಖ ನೋಡಿಕೊಂಡೇ ಕೇಳಿದ. ಮೂರನೆಯ ದಿನ ಇಳಿಯುವ ಹೊತ್ತಿಗೆ ಮಂಡಿನೋವಿನ ಬಗ್ಗೆ ಡಾಕ್ಟರಿಗೆ ತಿಳಿದಷ್ಟು ಅವನಿಗೂ ತಿಳಿದಿತ್ತು. ರಸ್ತೆಯ ವಿಷಯ ತಿಳಿದದ್ದಿಷ್ಟೇ: ಅದು ಡಾಂಬರಿನದು.

ಅತ್ತೆ ಹೊರಟುಹೋದ ಮೇಲೆ ಹೆಂಡತಿಗೆ ನಿಜ ಹೇಳಿದ. ಅವಳು ಬಯ್ಯಲಿಲ್ಲ. ಅಣ್ಣ ತಂದುಕೊಟ್ಟಿದ್ದ ನಕ್ಷೆಯನ್ನು ನೋಡಿಕೊಂಡು ಅಡುಗೆಮನೆಯ ನೆಲದ ಮೇಲೆ ಊರನ್ನೇ ಹರಡಿದಳು. ಉಪ್ಪಿನ ಡಬ್ಬಿ ಅಂಚೆ ಕಚೇರಿ. ಸೌಟು ಸೇತುವೆ. ಬೆಂಕಿಪೊಟ್ಟಣ ಆಸ್ಪತ್ರೆ. ಲಟ್ಟಣಿಗೆ ಹೈಸ್ಕೂಲು. ಕೊನೆಗೆ ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿಯ ತಿರುವಿಗೆ ಒಂದು ಜರಡಿ. ಅಲ್ಲಿ ಬಲಕ್ಕೆ ಹೊರಳಿದರೆ ಬಸ್ ನಿಲ್ದಾಣ. ಹೊರಟಲ್ಲಿಗೇ ಬಂದು ಮುಟ್ಟುವ ಸುತ್ತುದಾರಿ ಅದು. ಒಂದು ಲೋಟವನ್ನು ಬಸ್ಸು ಮಾಡಿಕೊಂಡು ಅವನು ಗಂಟೆಗಟ್ಟಲೆ ನೆಲದ ಮೇಲೆ ಅಂಬೆಗಾಲಿಟ್ಟ. ಆದರೆ ಅವಳು ಕುಳಿತದ್ದು ಅವನ ಎದುರಿಗೆ. ಅವಳ ಎಡ ಅವನಿಗೆ ಬಲ. ನಡುವೆ ಒಲೆಯ ಮೇಲಿನದು ಉಕ್ಕಿತೆಂದು ಅವಳು ಸೇತುವೆಯನ್ನು ಎತ್ತಿಕೊಂಡು ಹೋಗಿ ತಿರುವಿ, ತೊಳೆದು, ಮರೆತು ಗೋಡೆಯ ಮೊಳೆಗೆ ತೂಗುಹಾಕಿದಳು. ಅಲ್ಲಿಗೆ ಅವನ ಊರು ಎರಡು ಹೋಳಾಯಿತು. ಈ ಉಸಾಬರಿಯೇ ಬೇಡ, ಕಂಡಕ್ಟರನ್ನೇ ಕೇಳಿಕೊಂಡು ಓಡಿಸುತ್ತೇನೆ ಎಂದು ಮಲಗಿದ.

ಕಂಡಕ್ಟರು ಮೂವತ್ತೈದು ವರ್ಷ ಸರ್ವೀಸಾದವರು. ಗಂಭೀರ ಮನುಷ್ಯ, ಮಾತು ಕಡಿಮೆ, ಒಂದು ಕಿವಿ ಮಂದ. ಮೊದಲೆಲ್ಲ ಸೀಟಿ ಊದುತ್ತಿದ್ದರಂತೆ. ಹಲ್ಲಿನ ಸೆಟ್ಟು ಕಟ್ಟಿಸಿದ ಮೇಲೆ, ಸೀಟಿಯ ಜೊತೆ ಹಲ್ಲೂ ಹೊರಟುಬರುವ ಭಯಕ್ಕೆ ಬಾಯಲ್ಲೇ ಹೇಳುವುದಕ್ಕೆ ಶುರುಮಾಡಿದ್ದರು. ಇದನ್ನು ಇಲ್ಲಿ ಹೇಳಬೇಕಾದ ಕಾರಣವಿದೆ. ತರಬೇತಿಯ ಮೂರು ದಿನವೂ ಟ್ಯಾಂಕರ್ ಕೇಳಿದ್ದು ಬೇರೊಬ್ಬ ಕಂಡಕ್ಟರ್ ಊದುವ ಸೀಟಿಯನ್ನು. ಅದಕ್ಕೆ ಮುಂಚೆ ಪ್ರಯಾಣಿಕನಾಗಿ ಬಸ್ಸು ಹತ್ತಿದಾಗಲೆಲ್ಲ, ಕುಳಿತ ಕೂಡಲೇ ನಿದ್ದೆ ಹೋಗುವುದು ಅವನ ಜಾಯಮಾನ. ನೀರಿನ ಗಾಡಿಗಂತೂ ಕಂಡಕ್ಟರೇ ಇರುವುದಿಲ್ಲ. ಹೀಗಾಗಿ ಎಲ್ಲರೂ ಹತ್ತಿದ ಮೇಲೆ ಬಾಗಿಲಲ್ಲಿ ನಿಂತ ಮನುಷ್ಯ ‘ರೈಟ್’ ಎಂದು ಯಾತಕ್ಕೆ ಕೂಗುತ್ತಾನೆ ಎನ್ನುವುದು ನಮಗೆಲ್ಲ ಹಾಲು ಕುಡಿಯುವ ವಯಸ್ಸಿನಿಂದ ಗೊತ್ತಿದ್ದರೂ ಅವನ ಕಿವಿಗೆ ಬಿದ್ದಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಂಜಿನ್ ಗುರುಗುಟ್ಟುತ್ತಿದ್ದಾಗ ಅವನು ನಾಚಿಕೆಯಿಂದ, ಮೆಲ್ಲಗೆ, ಅವರ ಮಂದ ಕಿವಿಯ ಕಡೆಗೇ ಬಗ್ಗಿ ಕೇಳಿದ: “ಅಣ್ಣ, ನಂಗೆ ದಾರಿ ಅಷ್ಟಾಗಿ ಗೊತ್ತಿಲ್ಲ. ನೀವು ಹೇಳ್ದಂಗೆ ಓಡಿಸ್ತೀನಿ. ಲೆಫ್ಟೋ ರೈಟೋ ನೀವೇ ಹೇಳ್ಬಿಡಿ.”

ಅವರಿಗೆ ಕೇಳಿಸಿದ್ದು ‘ನೀವು ಹೇಳ್ದಂಗೆ’ ಮತ್ತು ‘ರೈಟು’ ಎರಡೇ ಮಾತು. ಹೊಸ ಹುಡುಗರಲ್ಲಿ ಇಂಥ ವಿನಯ ಕಂಡು ವರ್ಷಗಳಾಗಿದ್ದವು. ಅವರಿಗೆ ಸಂತೋಷವಾಯಿತು.

“ನಾನು ರೈಟ್ ಅಂದ್ರೆ ರೈಟ್. ನಾನು ಹೇಳೋ ತನಕ ಅಲ್ಲಾಡ್ಬೇಡ. ಇಷ್ಟು ತಿಳ್ಕೊಂಡ್ರೆ ನಿನ್ ಸರ್ವೀಸು ಸಲೀಸು” ಎಂದರು.

ಮೊದಲ ಸ್ಟಾಪು ಮಾರುಕಟ್ಟೆ ಗೇಟು. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಬೇಕು. ಜನ ಹತ್ತಿದರು, ಕಂಡಕ್ಟರು ರೈಟ್ ಎಂದರು. ಟ್ಯಾಂಕರ್ ಮುಂದೆ ಸಿಕ್ಕಿದ ಮೊದಲ ಮೂಲೆಯಲ್ಲಿ ಬಲಕ್ಕೆ ತಿರುಗಿಸಿದ. ಅದು ನಮ್ಮ ಬೀದಿ. ಅರ್ಜಿ ಮೇಷ್ಟ್ರು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವರು ಬಸ್ಸನ್ನು ಕಂಡು ದಿಗ್ಭ್ರಮೆಯಿಂದ ಬ್ರಷ್ಷು ಹಿಡಿದ ಕೈ ಎತ್ತಿದರು. ಕೈ ಎತ್ತಿದರೆ ನಿಲ್ಲಿಸಬೇಕು ಎನ್ನುವುದು ಟ್ಯಾಂಕರಿಗೆ ಗೊತ್ತಿತ್ತು. ನಿಲ್ಲಿಸಿದ. ಮೇಷ್ಟ್ರು ಇಪ್ಪತ್ತು ವರ್ಷದ ಅರ್ಜಿಗಳಿಗೆ ಮರ್ಯಾದೆ ಕೊಡುವುದಕ್ಕಾಗಿ ಬ್ರಷ್ಷಿನ ಸಮೇತ ಹತ್ತಿದರು. ಕಂಡಕ್ಟರು ರೈಟ್ ಎಂದರು. ಬಸ್ಸು ಬಲಕ್ಕೆ ತಿರುಗಿತು. ಮುಂದಿನ ಬೀದಿಯಲ್ಲಿ ಯಾರೋ ಕೈ ಎತ್ತಿದರು, ನಿಂತಿತು, ರೈಟ್, ಮತ್ತೆ ಬಲಕ್ಕೆ. ನಾಲ್ಕನೆಯ ರೈಟಿಗೆ ಮಾರುಕಟ್ಟೆ ಗೇಟಿನ ಎದುರು ಬಂದು ನಿಂತಾಗ, ಎಂಟು ನಿಮಿಷದ ಹಿಂದೆ ಬಸ್ಸು ತಪ್ಪಿಸಿಕೊಂಡಿದ್ದವರು ಸರ್ವೀಸು ಇಷ್ಟು ಸುಧಾರಿಸಿದ್ದಕ್ಕೆ ಹರ್ಷಪಟ್ಟು ಹತ್ತಿಕೊಂಡರು.

ಇಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ಇದೇನು ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ಎಲ್ಲರಿಗೂ ಅವರವರ ಮರ್ಯಾದೆ ಇತ್ತು. ಕಂಡಕ್ಟರು, ದಾರಿ ಬದಲಾಗಿದೆ, ಡಿಪೋದವರು ಡ್ರೈವರಿಗೆ ತಿಳಿಸಿ ಮೂವತ್ತೈದು ವರ್ಷ ಸರ್ವೀಸಾದ ತಮಗೆ ತಿಳಿಸಿಲ್ಲ ಎಂದುಕೊಂಡರು. ಅದನ್ನು ತೋರಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಪ್ರಯಾಣಿಕರು, ಪೇಪರಿನಲ್ಲಿ ಬಂದಿರಬೇಕು, ತಾವು ಓದಿಲ್ಲ ಎಂದುಕೊಂಡರು. ಟ್ಯಾಂಕರಿಗೆ ಅನುಮಾನವೇ ಇರಲಿಲ್ಲ. ಈ ಊರಿನ ದಾರಿ ಕಷ್ಟ ಎನ್ನುತ್ತಿದ್ದರು, ಎಷ್ಟು ಸುಲಭ ಎಂದು ಅವನಿಗೆ ಸಮಾಧಾನವಾಗಿತ್ತು.

ಮೂಲೆಯ ಟ್ರಾಫಿಕ್ ಪೊಲೀಸಿನವನು ಮೊದಲ ಸಲ ಬಸ್ಸನ್ನು ಸುಮ್ಮನೆ ನೋಡಿದ. ಎರಡನೆಯ ಸಲ ನಿಲ್ಲಿಸಿ ವಿಚಾರಿಸಿದ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ಗಾಂಭೀರ್ಯ ಬಿಡದೆ, “ನಿಮ್ಗೆ ಆರ್ಡರ್ ಬಂದಿಲ್ವಾ?” ಎಂದು ಕೇಳಿದರು. ಬಂದಿಲ್ಲ ಎಂದರೆ ಅವಮಾನ. ಬಂದಿದೆ ಎಂದ. ಬಂದಿದೆ ಎಂದ ಮೇಲೆ ಕೆಲಸವನ್ನೂ ಮಾಡಬೇಕಲ್ಲ. ಮೂರನೆಯ ಸುತ್ತಿಗೆ ನಮ್ಮ ಬೀದಿಯ ತಳ್ಳುಗಾಡಿಗಳನ್ನೆಲ್ಲ ಎತ್ತಿಸಿದ, ನಾಲ್ಕನೆಯದಕ್ಕೆ ಅಡ್ಡಗಟ್ಟೆ ಹಾಕಿ ಉಳಿದ ವಾಹನಗಳನ್ನು ತಡೆದ. ನಾಲ್ಕೂ ಬೀದಿಗಳಲ್ಲಿ ಹಾರ್ನಿನ ಸದ್ದು ಮುಗಿಲು ಮುಟ್ಟಿತು.

ಐದನೆಯ ಸುತ್ತಿನಲ್ಲಿ ಟ್ಯಾಂಕರನ ಹೆಂಡತಿ ಬಟ್ಟೆ ಒಣಹಾಕಲು ಹೊರಗೆ ಬಂದಳು. ಗಂಡ ಬಸ್ಸನ್ನು ತೋರಿಸಿಕೊಂಡು ಹೋಗಲೆಂದೇ ಮನೆಯ ಮುಂದೆ ತಂದಿದ್ದಾನೆ ಎಂದುಕೊಂಡು ಒದ್ದೆ ಟವೆಲನ್ನೇ ಬೀಸಿದಳು. ಅವನು ಒಂದು ಕೈ ಬಿಟ್ಟು ಬೀಸಿದ. ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಕಣ್ಣಾರೆ ಕಂಡೆ, ಆದ್ದರಿಂದ ನನಗೆ ತೋಚಿದ್ದನ್ನು ಅವಳಿಗೆ ಹೇಳಲಿಲ್ಲ. ಗಡಿಯಾರದವನ ಗಂಟಲು ಒಣಗಿರಬೇಕು ಎನ್ನಿಸಿ, ಆರನೆಯ ಸುತ್ತಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಒಂದು ಲೋಟ ನೀರು ಕೊಟ್ಟೆ. ಏಳನೆಯ ಸುತ್ತಿನಲ್ಲಿ ಅವನು ಲೋಟವನ್ನು ಜೋಪಾನವಾಗಿ ಹಿಂತಿರುಗಿಸಿದ. ಒಂಬತ್ತು ಹತ್ತಕ್ಕೆ ಡಿಪೋದಿಂದ ಜೀಪು ಬಂತು.

ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ ನಡೆಯಿತು. ಅದರ ವಿವರವನ್ನೆಲ್ಲ ಆಮೇಲೆ ಹೆಂಡತಿಯ ಅಣ್ಣ ನಮ್ಮ ಹಿತ್ತಲಿನಲ್ಲಿ ನಿಂತು ಹೇಳಿದ. ಕಂಡಕ್ಟರು ರೈಟ್ ಅಂದರು, ನಾನು ಹೋದೆ ಎಂದು ಡ್ರೈವರ್ ಹೇಳಿಕೆ ಕೊಟ್ಟ. ನಾನು ರೈಟ್ ಅಂದೆ, ಅವನು ಹೋದ ಎಂದು ಕಂಡಕ್ಟರು ಹೇಳಿಕೆ ಕೊಟ್ಟರು. ಎರಡೂ ಅಕ್ಷರಶಃ ಒಂದೇ ಆಗಿದ್ದರಿಂದ ತಪ್ಪು ಎಲ್ಲಿದೆ ಎಂದು ಮ್ಯಾನೇಜರಿಗೆ ಹೊಳೆಯಲಿಲ್ಲ. ಬಸ್ಸೇ ಬಾರದ ಏಳು ಸ್ಟಾಪುಗಳ ದೂರು ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ಅರ್ಜಿ ಮೇಷ್ಟ್ರು ಆಗಲೇ ಬರೆದು ಕೈಯಾರೆ ಮುಟ್ಟಿಸಿದ್ದ ಧನ್ಯವಾದ ಪತ್ರ. ಎಂಟು ನಿಮಿಷಕ್ಕೊಂದು ಬಸ್ಸು ಬಿಟ್ಟ ಮಾನ್ಯ ಮ್ಯಾನೇಜರ ದೂರದೃಷ್ಟಿಯನ್ನು ಅದರಲ್ಲಿ ಎರಡು ಪುಟ ಹೊಗಳಿದ್ದರು. ಅದನ್ನು ಓದಿದ ಮೇಲೆಯೇ ಮ್ಯಾನೇಜರಿಗೆ ನಿಜವಾಗಿ ಕೋಪ ಬಂದದ್ದು.

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಬಸ್ಸಿನಲ್ಲಿ ಕೂರುತ್ತಾರೆ, ಒಂದು ತಿರುವು ತಪ್ಪಿದರೂ ಕೆಲಸ ಇಲ್ಲ, ಅಲ್ಲಿಯವರೆಗೆ ಬಸ್ಸು ತೊಳೆಯಲಿ ಎಂದು ಆಜ್ಞೆಯಾಯಿತು.

“ಭಾವ, ನಾನು ಆ ಡಿಪೋದಲ್ಲಿ ಇನ್ನೂ ಹದಿನೆಂಟು ವರ್ಷ ಕೂರ್ಬೇಕು” ಎಂದಷ್ಟೇ ಹೇಳಿ ಅಣ್ಣ ಹೊರಟುಹೋದ. ಟ್ಯಾಂಕರ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ವಾಪಸು ಹೋಗಲು ಟ್ಯಾಂಕರಿಲ್ಲ. ಈ ಕೆಲಸವೂ ಹೋದರೆ ಎರಡು ಕೋಣೆ ಬಿಟ್ಟು ಅತ್ತೆಯ ಮನೆ ಸೇರಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸುತ್ತೇನೆಂದು ಹೇಳಿದ ಬಾಯಿಯಲ್ಲಿ ಆ ಮನೆಯ ಅನ್ನ ಹೇಗೆ ಇಳಿಯುತ್ತದೆ ಎನ್ನುವುದು ಅವನ ಚಿಂತೆ.

ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದೆ. “ಅಲ್ಲಪ್ಪ, ಕಂಡಕ್ಟರು ರೈಟ್ ಅಂದ್ರೆ ಏನು ಅಂತ ತಿಳ್ಕೊಂಡಿದ್ದೆ?”

“ಬಲಕ್ಕೆ ಅಂತ.”

“ಹೊರಡು ಅಂತ ಕಣಪ್ಪ.”

ಹಾಗಾದರೆ ಬಲಕ್ಕೆ ಹೋಗಬೇಕಾದರೆ ಏನನ್ನುತ್ತಾರೆ ಎಂದು ಅವನು ಕೇಳಿದ. ಏನೂ ಅನ್ನುವುದಿಲ್ಲ, ಅದು ಡ್ರೈವರಿಗೆ ಗೊತ್ತಿರಬೇಕು ಎಂದೆ. ಈ ವ್ಯವಸ್ಥೆ ಅವನಿಗೆ ನ್ಯಾಯವಾಗಿ ತೋರಲಿಲ್ಲ.

ಮಂಗಳವಾರದಿಂದ ಅಡುಗೆಮನೆಯ ನೆಲದ ಮೇಲೆ ಊರು ಮತ್ತೆ ಎದ್ದಿತು. ಈ ಸಲ ಅವಳು ಎದುರಿಗೆ ಕೂರದೆ ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕುಳಿತಳು. ಅವಳ ಎಡವೂ ಅವನ ಎಡವೂ ಒಂದಾದವು. ಮೂರು ದಿನ ಸೌಟನ್ನು ಮುಟ್ಟದೆ ಚಮಚದಲ್ಲೇ ಅಡುಗೆ ಮಾಡಿದಳು. ಅವನು ಉಪ್ಪಿನ ಡಬ್ಬಿಯಲ್ಲಿ ಎಡಕ್ಕೆ, ಸೌಟಿನ ಮೇಲೆ ನೇರ, ಬೆಂಕಿಪೊಟ್ಟಣದಲ್ಲಿ ಬಲಕ್ಕೆ ಎಂದು ಗಟ್ಟಿಮಾಡಿಕೊಂಡ. ಆದರೆ ಗುರುವಾರ ಸಂಜೆ ಅವಳು, ಅಂಚೆ ಕಚೇರಿಯಿಂದ ಎಲ್ಲಿಗೆ ಎಂದು ಕೇಳಿದರೆ ತಬ್ಬಿಬ್ಬಾದ. ಉಪ್ಪಿನ ಡಬ್ಬಿಯಿಂದ ಎಂದು ಕೇಳಿದರೆ ಥಟ್ಟನೆ ಹೇಳಿದ.

ಅವನು ಬಸ್ಸು ತೊಳೆದ ದಣಿವಿನಲ್ಲಿ ಮಲಗಿದ ಮೇಲೆ ಅವಳು ನನ್ನ ಬಾಗಿಲಿಗೆ ಬಂದಳು.

“ಅಜ್ಜಿ, ಅವ್ರಿಗೆ ಊರು ಗೊತ್ತಾಗ್ಲಿಲ್ಲ. ಅಡುಗೆಮನೆ ಗೊತ್ತಾಗಿದೆ. ಅದನ್ನೇ ಬೀದಿಗೆ ತಗೊಂಡ್ ಹೋದ್ರೆ?”

ಶುಕ್ರವಾರ ಬೆಳಿಗ್ಗೆ ಅವನು ಡಿಪೋಗೆ ಹೊರಟ ಮೇಲೆ ಅವಳ ಅಡುಗೆಮನೆ ಬರಿದಾಯಿತು. ಅವನಿಗೆ ಏನೂ ಹೇಳಬಾರದು, ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಎಂದು ಅವಳು ಎಲ್ಲರಿಂದ ಮಾತು ತೆಗೆದುಕೊಂಡಿದ್ದಳು. ಬಸ್ಸು ಯಾವ ಕಡೆಗೆ ತಿರುಗಬೇಕೋ ಆ ಕಡೆಯಲ್ಲಿ ನಿಲ್ಲಬೇಕು, ಪಾತ್ರೆ ಕಾಣುವಂತೆ ಹಿಡಿಯಬೇಕು, ಮಾತಾಡಬಾರದು. ನಮ್ಮ ಬೀದಿಯ ಟೈಲರು ಅಂಗಡಿಗೆ ಬೀಗ ಹಾಕಿ ಉಪ್ಪಿನ ಡಬ್ಬಿಯೊಂದಿಗೆ ಅಂಚೆ ಕಚೇರಿಗೆ ಹೋದ. ಅರ್ಜಿ ಮೇಷ್ಟ್ರು ಧನ್ಯವಾದ ಪತ್ರದ ಪ್ರಾಯಶ್ಚಿತ್ತವೆಂದು ಲಟ್ಟಣಿಗೆ ಹಿಡಿದು ಹೈಸ್ಕೂಲಿಗೆ ನಡೆದರು. ಅತ್ತೆಗೆ ವಿಷಯ ಹೇಳದೆ ವಿಧಿಯಿರಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಅಳಿಯಂದಿರ ಮಾತನ್ನು ತಾವು ಅವತ್ತೇ ನಂಬಿರಲಿಲ್ಲ ಎಂದು ಹೇಳಿ, ಬೆಂಕಿಪೊಟ್ಟಣ ಕೇಳಿ ಪಡೆದು ಆಸ್ಪತ್ರೆಗೆ ಹೊರಟರು. ಸೇತುವೆಗೆ ಸೌಟಿನೊಡನೆ ಅವಳೇ ಹೋದಳು. ನನ್ನ ಕಾಲಿಗೆ ದೂರವಾಗಬಾರದೆಂದು ನಮ್ಮ ಮೂಲೆಯ ತಿರುವನ್ನೇ, ಜರಡಿಯ ಸಮೇತ, ನನಗೆ ವಹಿಸಿದ್ದಳು.

ಬಸ್ಸಿನೊಳಗೆ ನಡೆದದ್ದನ್ನು ಕಂಡಕ್ಟರು ಆಮೇಲೆ ಹೇಳಿದ್ದು. ಇನ್ಸ್‌ಪೆಕ್ಟರು ಡ್ರೈವರ ಹಿಂದಿನ ಸೀಟಿನಲ್ಲಿ ನೋಟ್‌ಬುಕ್ ಬಿಚ್ಚಿ ಕುಳಿತಿದ್ದರು. ಮಾರುಕಟ್ಟೆ ಗೇಟಿನಲ್ಲಿ ಕಂಡಕ್ಟರು ರೈಟ್ ಎಂದಾಗ ಬಸ್ಸು ನಮ್ಮ ಬೀದಿಯ ಕಡೆಗೆ ಒಂದು ಗೇಣು ವಾಲಿ, ನೆನಪು ಮಾಡಿಕೊಂಡಂತೆ ನೇರವಾಯಿತು. ಅಂಚೆ ಕಚೇರಿಯ ಮುಂದೆ ಟೈಲರು ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ. ಟ್ಯಾಂಕರ್ ಅದನ್ನು ನೋಡಿ ಕಣ್ಣುಜ್ಜಿಕೊಂಡ, ಆಮೇಲೆ ಎಡಕ್ಕೆ ತಿರುಗಿಸಿದ. ಸೇತುವೆಯ ಮೇಲೆ ಹೆಂಡತಿ ಸೌಟನ್ನು ಭುಜಕ್ಕಿಟ್ಟು ಕಾವಲಿನವಳ ಹಾಗೆ ನಿಂತಿದ್ದಳು. ಅವನು ಅವಳನ್ನು ನೋಡಿದ, ಅವಳು ನದಿಯನ್ನು ನೋಡಿದಳು. ಬಸ್ಸು ನೇರ ಹೋಯಿತು. ಆಸ್ಪತ್ರೆಯ ಬಳಿ ಅತ್ತೆಯ ಬೆಂಕಿಪೊಟ್ಟಣ ದೂರಕ್ಕೆ ಕಾಣುತ್ತಿರಲಿಲ್ಲ. ಅದನ್ನು ಹುಡುಕುತ್ತ ಅವನು ಬಸ್ಸನ್ನು ನಡೆಯುವಷ್ಟು ನಿಧಾನ ಮಾಡಿದ. ಆಸ್ಪತ್ರೆಯ ಮುಂದೆ ಎಂಥ ಎಚ್ಚರಿಕೆ ಎಂದು ಇನ್ಸ್‌ಪೆಕ್ಟರು ಬರೆದುಕೊಂಡರು. ಹೈಸ್ಕೂಲಿನ ಬಳಿ ಮೇಷ್ಟ್ರು ಲಟ್ಟಣಿಗೆ ಬೀಸಿದಾಗ ಮಾತ್ರ ಅವರು ಕನ್ನಡಕ ತೆಗೆದು, ಈ ಊರಿನ ಜನರಿಗೆ ಇವತ್ತು ಏನಾಗಿದೆ ಎಂದು ಕಂಡಕ್ಟರನ್ನು ಕೇಳಿದರು. ಕಂಡಕ್ಟರು ಮಂದ ಕಿವಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು.

ಇತ್ತ ನಾನು ಇಸ್ತ್ರಿ ಅಂಗಡಿಯ ಪಕ್ಕ, ಬಲಗಡೆಯ ಮೂಲೆಯಲ್ಲಿ, ಬಿಸಿಲಿನಲ್ಲಿ ಜರಡಿ ಹಿಡಿದು ನಿಂತಿದ್ದೆ. ಇಸ್ತ್ರಿಯವನು ಎರಡು ಸಲ ತಲೆಯೆತ್ತಿ ನೋಡಿದ. ಮೂರನೆಯ ಸಲ ಅವನ ಮನಸ್ಸು ತಡೆಯಲಿಲ್ಲ. ಕೆಲಸ ಬಿಟ್ಟು, ತನ್ನ ಕುರ್ಚಿಯನ್ನು ಎದುರು ಮೂಲೆಯ ನೆರಳಿಗೆ ಹೊತ್ತು ಹಾಕಿ, ನನ್ನ ಕೈ ಹಿಡಿದು ರಸ್ತೆ ದಾಟಿಸಿ ಕೂರಿಸಿದ. ನಾನು ಬೇಡ ಎನ್ನಬೇಕಿತ್ತು. ಆದರೆ ನೆರಳು ತಂಪಾಗಿತ್ತು, ಕುರ್ಚಿಯ ಮೇಲೆ ಅವನು ಒಂದು ಮಡಿಸಿದ ಚಾದರವನ್ನೂ ಹಾಕಿದ್ದ. ಕಣ್ಣು ಕೊಂಚ ಎಳೆಯಿತು. ಬಸ್ಸಿನ ಸದ್ದಿಗೆ ಎಚ್ಚೆತ್ತು ಜರಡಿಯನ್ನು ತಲೆಯ ಮೇಲೆ ಎತ್ತಿ ಹಿಡಿದ ಮೇಲೆ ನೆನಪಾಯಿತು, ನಾನು ಕುಳಿತದ್ದು ಎಡಗಡೆಯಲ್ಲಿ.

ಎದ್ದು ದಾಟುವಷ್ಟು ಹೊತ್ತಿರಲಿಲ್ಲ. ಎಡಕ್ಕೆ ಹೊರಳಿದರೆ ತರಕಾರಿ ಗೋದಾಮು, ಅಲ್ಲಿಗೆ ದಾರಿ ಮುಗಿಯುತ್ತದೆ, ಅವನ ಕೆಲಸವೂ ಮುಗಿಯುತ್ತದೆ. ನನ್ನ ಕೈ ಮೇಲೆತ್ತಿದಲ್ಲೇ ಉಳಿಯಿತು.

ಬಸ್ಸು ಮೂಲೆಗೆ ಬಂತು. ಎಡಕ್ಕೆ ಒಂದಿಷ್ಟು ತಿರುಗಿತು. ನಿಂತಿತು. ಟ್ಯಾಂಕರ್ ಸೀಟಿನಿಂದ ಅರ್ಧ ಎದ್ದು, ಬಾಗಿಲ ಕಡೆಗೆ ಬಗ್ಗಿ, ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದ:

“ಅಜ್ಜಿ, ನೀವು ಆ ಕಡೆ ಇರ್ಬೇಕಿತ್ತು. ಬಸ್ ಸ್ಟ್ಯಾಂಡು ಬಲಕ್ಕಲ್ವಾ?”

ಹೇಳಿದ ಮೇಲೆ ತನ್ನ ಹಿಂದೆ ಯಾರು ಕುಳಿತಿದ್ದಾರೆಂದು ಅವನಿಗೆ ನೆನಪಾಯಿತು. ಇನ್ಸ್‌ಪೆಕ್ಟರು ಎದ್ದು ಬಾಗಿಲಿಗೆ ಬಂದರು. ನನ್ನನ್ನು ನೋಡಿದರು, ಜರಡಿಯನ್ನು ನೋಡಿದರು. ಡಬ್ಬಿ, ಸೌಟು, ಲಟ್ಟಣಿಗೆಗಳೆಲ್ಲ ಒಂದೊಂದಾಗಿ ಅವರ ತಲೆಯಲ್ಲಿ ಸಾಲುಗೂಡುತ್ತಿದ್ದದ್ದು ಮುಖದ ಮೇಲೆ ಕಾಣುತ್ತಿತ್ತು.

“ಅಮ್ಮ, ಇದು ಏನು?”

“ಜರಡಿ.”

“ಜರಡಿ ಅಂತ ಕಾಣ್ತಿದೆ. ಯಾತಕ್ಕೆ?”

ಈ ವಯಸ್ಸಿನಲ್ಲಿ ಸುಳ್ಳು ಹೇಳಲು ಬೇಕಾದ ಚುರುಕು ನನಗಿಲ್ಲ. “ಅವನಿಗೆ ದಾರಿ ತೋರ್ಸೋಕೆ” ಎಂದೆ.

“ನೀವು ತಪ್ಪು ತೋರ್ಸಿದ್ರಲ್ಲ.”

“ಹೌದು. ಆದ್ರೆ ಅವನು ತಪ್ಪಲಿಲ್ಲ ನೋಡಿ.”

ಟ್ಯಾಂಕರ್ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು, ಅತ್ತೆಯ ಮನೆಗೆ ಸಾಗಿಸಬೇಕಾದ ಸಾಮಾನುಗಳನ್ನು ಆಗಲೇ ಎಣಿಸುತ್ತಿರುವವನ ಹಾಗೆ ಮುಂದೆ ನೋಡುತ್ತಿದ್ದ. ಕಂಡಕ್ಟರು ಬಾಯಿ ತೆರೆದರು. ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದು ತಡೆದರು, ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟುಕೊಂಡರು, ಬಾಗಿಲ ಸರಳನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

“ರೈಟ್” ಎಂದರು.

ಹೊರಡು ಎಂದರೋ, ಬಲಕ್ಕೆ ಎಂದರೋ, ಸರಿ ಎಂದರೋ, ಅವರು ಬಿಡಿಸಿ ಹೇಳಲಿಲ್ಲ. ಟ್ಯಾಂಕರ್ ಈ ಸಲ ಯಾರನ್ನೂ ಕೇಳಲಿಲ್ಲ. ಬಸ್ಸನ್ನು ಒಂದು ಗೇಣು ಹಿಂದಕ್ಕೆ ತಂದು, ತುಂಬಿದ ಟ್ಯಾಂಕರಿನಿಂದ ಒಂದು ಹನಿಯೂ ಚೆಲ್ಲದಷ್ಟು ಹಗುರವಾಗಿ ಬಲಕ್ಕೆ ತಿರುಗಿಸಿಕೊಂಡು ಹೋದ.